ಒಂದು ಸಣ್ಣ ಅಡಿಷನಲ್ ಇದೆ ಸರ್

ಬೆಂಗಳೂರಿನ ಮೈಸೂರು ರಸ್ತೆಯಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಾಗಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಯಾವುದಾದರೂ ಕಾರು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ನೋಡಿ. ಬಾನೆಟ್ಟು ತೆರೆದ ಕಾರುಗಳು, ಗ್ರೀಸು, ಸುಟ್ಟ ಆಯಿಲ್ಲಿನ ವಾಸನೆ, ನೀರು ಚೆಲ್ಲಿದ ನೆಲ. ಇವೆಲ್ಲದರ ನಡುವೆ ಇಸ್ತ್ರಿ ಮುರಿಯದ ಬಿಳಿ ಶರ್ಟಿನ ಒಬ್ಬ ಯುವಕ ಓಡಾಡುತ್ತಿರುತ್ತಾನೆ. ಕೈಯಲ್ಲಿ ಟ್ಯಾಬು, ಕಿವಿಗೂ ಭುಜಕ್ಕೂ ನಡುವೆ ಫೋನು, ಕುತ್ತಿಗೆಯಲ್ಲಿ ಐಡಿ ಕಾರ್ಡು. ಇಡೀ ಆವರಣದಲ್ಲಿ ಕಲೆಯಾಗದ ಬಟ್ಟೆ ಅವನದೊಂದೇ. ಅಷ್ಟರಿಂದಲೇ ಗುರುತು ಹಿಡಿಯಬಹುದು, ಕಾರನ್ನು ಮುಟ್ಟದೆ ಕಾರಿನ ಬಗ್ಗೆ ಮಾತಾಡುವ ಆಸಾಮಿ ಇವನೇ ಎಂದು. ಸರ್ವಿಸ್ ಅಡ್ವೈಸರ್ ಎಂಬುದು ಅವನ ಹುದ್ದೆ.

ಅವನಿಗೆ ಹೆಸರಿಲ್ಲವೆಂದಲ್ಲ. ಎದೆಯ ಮೇಲೆ ಬಿಲ್ಲೆ ಇದೆ. ಆದರೆ ನಾವದನ್ನು ಓದಿ ನೆನಪಿಟ್ಟುಕೊಳ್ಳುವಷ್ಟರಲ್ಲಿ ಆತ ಬೇರೆ ಕಂಪನಿ ಸೇರಿರುತ್ತಾನೆ. ಹೀಗಾಗಿ ಕಾರಿದ್ದವರ ಫೋನುಗಳಲ್ಲಿ ಅವನು 'ಕಾರ್ ಸರ್ವಿಸ್', 'ಕಾರ್ ಸರ್ವಿಸ್ ಹೊಸಬ', 'ಕಾರ್ ಸರ್ವಿಸ್ ಹೊಸಬ 2', 'ಕಾರ್ ಸರ್ವಿಸ್ ಕನ್ನಡಕ' ಎಂಬ ನಾನಾ ನಾಮಗಳಿಂದ ಬಾಳುತ್ತಾನೆ. ನನ್ನ ಸ್ನೇಹಿತರೊಬ್ಬರ ಫೋನಿನಲ್ಲಿ 'ಕಾರ್ ಸರ್ವಿಸ್ ಎತ್ತಲ್ಲ' ಎಂದೇ ಇದೆ.

ಕಾರು ಕೊಳ್ಳುವ ದಿನ ಇವನು ಕಾಣಸಿಗುವುದಿಲ್ಲ. ಆಗ ಬೇರೆಯವರಿರುತ್ತಾರೆ. ನಮಗೆ ಕಾಫಿ, ಮಕ್ಕಳಿಗೆ ಚಾಕೊಲೇಟು ಕೊಟ್ಟು, ಆಳೆತ್ತರದ ರಟ್ಟಿನ ಕೀಲಿಕೈ ಹಿಡಿಸಿ ಫೋಟೊ ತೆಗೆದು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು ಕಳಿಸಿಕೊಡುವವರು. "ಮೂರು ಸರ್ವಿಸ್ ಫ್ರೀ ಸರ್" ಎನ್ನುವವರೂ ಅವರೇ. ಫ್ರೀ ಅಂದರೆ ಕೂಲಿ ಮಾತ್ರ ಫ್ರೀ, ಆಯಿಲ್ಲು ಫಿಲ್ಟರುಗಳಿಗೆ ಕಾಸು ಕೊಡಬೇಕು ಎಂಬ ಟೀಕು ಹೇಳುವ ಹೊಣೆ ಮಾತ್ರ ನಮ್ಮವನ ತಲೆಗೆ. ಸಿಹಿ ಹಂಚಿದವರು ಮುಂಬಾಗಿಲಲ್ಲೇ ಉಳಿಯುತ್ತಾರೆ, ಬಿಲ್ಲು ಹಿಡಿದು ನಿಲ್ಲುವವನು ಹಿತ್ತಿಲಲ್ಲಿರುತ್ತಾನೆ.

"ಹೇಳಿ ಸರ್, ಏನು ಪ್ರಾಬ್ಲಮ್ಮು?"

ಈ ಒಂದು ಪ್ರಶ್ನೆಗಾಗಿ ಕಾರಿನ ಯಜಮಾನ ವಾರದಿಂದ ತಯಾರಾಗಿ ಬಂದಿರುತ್ತಾನೆ. "ಹಂಪ್ ಹತ್ತುವಾಗ ಏನಿಲ್ಲ. ಇಳಿಯೋವಾಗ ಎಡಗಡೆ ಮುಂದುಗಡೆಯಿಂದ ಕಟ್ ಅನ್ನತ್ತೆ. ಕಟ್ ಅಲ್ಲ, ಕಟಕ್. ಒಂದೇ ಸಲ. ಕಟಕಟ ಅಂತಲ್ಲ ಮತ್ತೆ, ಅದು ಹೋದ ವರ್ಷದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಕುಂಯ್ ಅಂತ ಸಣ್ಣಗೆ ಒಂದು ಶುರುವಾಗತ್ತೆ, ಎಸಿ ಹಾಕಿದ್ರೆ ಅದೇ ಗುಂಯ್ ಆಗತ್ತೆ." ಹಿಂದಿನ ಸೀಟಿನಿಂದ ಹೆಂಡತಿ ತಿದ್ದುತ್ತಾಳೆ: "ಕಟಕ್ ಅಲ್ಲ ರೀ. ಟೊಕ್." ಇಬ್ಬರಿಗೂ ಅಲ್ಲೇ ಸಣ್ಣದೊಂದು ಜಟಾಪಟಿಯಾಗುತ್ತದೆ.

ಇಷ್ಟನ್ನೂ ಅವನು ತಲೆಯಾಡಿಸುತ್ತ ಕೇಳುತ್ತಾನೆ. ಕೇಳಿ ಟ್ಯಾಬಿನ ಮೇಲೆ ಬೆರಳಾಡಿಸುತ್ತಾನೆ. ಬಗ್ಗಿ ನೋಡಿದರೆ ಅಲ್ಲಿರುವುದು 'ನಾಯ್ಸ್ – ಚೆಕ್'. ಹಿಂದೆ ಹಳ್ಳಿಯ ಶಾನುಭೋಗರ ಮುಂದೆ ರೈತ ಬೇಲಿ, ಬದು, ಅಜ್ಜ ನೆಟ್ಟ ಮಾವಿನಮರ, ದಾಯಾದಿಯ ಕಿತಾಪತಿ ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಕಡತದಲ್ಲಿ ಒಂದೇ ಸಾಲು ಗೀಚುತ್ತಿದ್ದರು, ಆಮೇಲೆ ಲೋಕಕ್ಕೆಲ್ಲ ಆ ಸಾಲೇ ಸತ್ಯ. ಜಾಬ್ ಕಾರ್ಡಿನ ಮಹಿಮೆಯೂ ಹಾಗೆಯೇ. ಅದರಲ್ಲಿಲ್ಲದ್ದು ಕಾರಿನಲ್ಲಿಲ್ಲ.

ಹಾಗೆಂದು ಅವನ ಕಣ್ಣು ಮಂದವೆನ್ನಬೇಡಿ. ಬರವಣಿಗೆ ಮುಗಿಸಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾನಲ್ಲ, ಆಗ ನೋಡಬೇಕು. ಬಾಗಿಲ ಅಂಚಿನ ಕೂದಲೆಳೆ ಗೀರು, ಬಂಪರಿನ ಕೆಳಗಿನ ತರಚು, ನಮ್ಮ ಮಗ ಸೈಕಲ್ ತಾಗಿಸಿ ಮುಚ್ಚಿಟ್ಟಿದ್ದ ತಗ್ಗು, ಎಲ್ಲದಕ್ಕೂ ಫೋಟೊ, ಎಲ್ಲದಕ್ಕೂ ಕೆಂಪು ಸುತ್ತು. "ಇದು ಮೊದಲೇ ಇತ್ತು ಅಲ್ವಾ ಸರ್? ಸೈನ್ ಮಾಡಿ." ನಾಳೆ ನಾವು ಅವರ ಮೇಲೆ ಹೇಳಬಹುದಾದ ದೂರುಗಳನ್ನು ಅವನು ಇಂದೇ ಪಟ್ಟಿ ಮಾಡಿರುತ್ತಾನೆ. ನಾವು ಹೇಳಿಕೊಳ್ಳಲು ಬಂದ ದೂರು ಮಾತ್ರ ಎರಡೇ ಶಬ್ದದಲ್ಲಿ ತಣ್ಣಗೆ ಕೂತಿರುತ್ತದೆ.

ಒಮ್ಮೆ ನಾನೇ ಕಂಡದ್ದನ್ನು ಹೇಳಬೇಕು. ನನ್ನ ಮುಂದಿನ ಕಾರಿನವರು ಹೀಗೆಯೇ ಕಟಕ್ ಪುರಾಣ ಬಿಚ್ಚಿದ್ದರು. ಆ ಹೊತ್ತಿಗೆ ಒಳಗಿನಿಂದ ನೀಲಿ ಅಂಗಿಯ ಒಬ್ಬ ಹುಡುಗ ಪಾನಾ ಹಿಡಿದು ಯಾವುದೋ ಕೀಲಿ ಕೇಳಲು ಬಂದ. ಉತ್ತರ ಕರ್ನಾಟಕದ ಕಡೆಯವನು. ಮಾತು ಕಿವಿಗೆ ಬಿದ್ದದ್ದೇ ತಡ, ಯಾರ ಅಪ್ಪಣೆಗೂ ಕಾಯದೆ ಎಡಗಡೆ ಚಕ್ರದ ಹಿಂದೆ ಕೈ ತೂರಿಸಿ ಏನನ್ನೋ ಹಿಡಿದು ಅಲುಗಿಸಿದ. ಕಟಕ್! ಕಾರಿನವರ ಮುಖ ಅರಳಿತು. "ಲಿಂಕ್ ರಾಡ್ ಹೋಗೇದ್ರೀ ಸರ. ಅರ್ಧ ತಾಸಿನ ಕೆಲ್ಸ" ಅಂದ. ನಮ್ಮ ಬಿಳಿ ಶರ್ಟಿಗೆ ಅದು ಸರಿಬರಲಿಲ್ಲ. "ನೀನು ಒಳಗೆ ಹೋಗಪ್ಪಾ, ಜಾಬ್ ಕಾರ್ಡ್ ಬರತ್ತೆ" ಎಂದು ಅಟ್ಟಿದ. ಹುಡುಗ ಹೋದ. ಸ್ವಲ್ಪ ಹೊತ್ತಿಗೆ ಅವನ ಹಿಂದೆಯೇ ಜಾಬ್ ಕಾರ್ಡೂ ಹೋಯಿತು: 'ನಾಯ್ಸ್ – ಚೆಕ್'.

ಕೇಳಿಸಿಕೊಳ್ಳುವವನಿಗೆ ರಿಪೇರಿ ಬರುವುದಿಲ್ಲ, ರಿಪೇರಿ ಬರುವವನಿಗೆ ಕೇಳಿಸುವ ಹಾಗಿಲ್ಲ. ಇಬ್ಬರ ನಡುವೆ ಗಾಜಿನ ಗೋಡೆ, ಗೋಡೆಯ ಮೇಲೆ 'ಗ್ರಾಹಕರಿಗೆ ಪ್ರವೇಶವಿಲ್ಲ' ಎಂಬ ಬೋರ್ಡು. ಸುರಕ್ಷತೆಗಾಗಿ ಅನ್ನುತ್ತಾರೆ. ಯಾರ ಸುರಕ್ಷತೆಗೆ ಎಂದು ಬೋರ್ಡಿನಲ್ಲಿ ಬರೆದಿಲ್ಲ.

ಆ ಗಾಜಿನ ಈಚೆಗಿರುವುದೇ ಕಸ್ಟಮರ್ ಲೌಂಜ್. ಮೂಕ ಟಿವಿ, ಒಂದು ಕಾಫಿ ಯಂತ್ರ, ಅದರ ಮುಂದೆ ಯಾವಾಗಲೂ ಖಾಲಿಯಾಗಿರುವ ಸಕ್ಕರೆ ಡಬ್ಬಿ. ನಮ್ಮ ಕಾರು ಆಚೆ ಲಿಫ್ಟಿನ ಮೇಲೆ ನಾಲ್ಕೂ ಕಾಲು ಜೋತುಬಿಟ್ಟುಕೊಂಡು ನಿಂತಿರುವುದು ಕಾಣುತ್ತದೆ. ಹತ್ತಿರ ಒಂದು ನರಪಿಳ್ಳೆಯೂ ಇರುವುದಿಲ್ಲ. ಒಬ್ಬ ಬರುತ್ತಾನೆ, ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾನೆ, ಹೋಗುತ್ತಾನೆ. ಇನ್ನೊಬ್ಬ ಬಂದು ಅಲ್ಲಿಂದ ಒಂದು ಸ್ಪ್ಯಾನರು ಎತ್ತಿಕೊಂಡು ಪಕ್ಕದ ಕಾರಿಗೆ ಹೋಗುತ್ತಾನೆ. ಆಮೇಲೆ ಊಟದ ಬೆಲ್ಲು.

ಈ ನಿರ್ವಾತದ ಹೊತ್ತಿಗೇ ಸರಿಯಾಗಿ ನಮ್ಮ ಫೋನು ರಿಂಗಾಗುವುದು. "ಸರ್, ಒಂದು ಸಣ್ಣ ಅಡಿಷನಲ್ ಇದೆ ಸರ್."

ಸರ್ವಿಸ್ ಅಡ್ವೈಸರ್ ನಿಜವಾಗಿ ಏನೆಂಬುದು ತಿಳಿಯುವುದು ಇಲ್ಲಿ. ವಾಟ್ಸಾಪಿಗೆ ಒಂದು ಫೋಟೊ ಬರುತ್ತದೆ. ಏನೋ ಕಪ್ಪಗಿನದು, ಅದರ ಪಕ್ಕ ಕಪ್ಪು ಬೆರಳು. "ನೋಡಿ ಸರ್, ನಿಮ್ಮ ಥ್ರಾಟಲ್ ಬಾಡಿ." ಅದು ನಮ್ಮದೋ, ನಮ್ಮ ಪಕ್ಕದವರದೋ, ಇಲ್ಲಾ ಕಳೆದ ದಸರೆಯಿಂದ ಎಲ್ಲರಿಗೂ ಹೋಗುತ್ತಿರುವ ಫೋಟೊವೋ ಹೇಳುವ ಶಕ್ತಿ ನಮಗಿಲ್ಲ. ಅವನ ದನಿಯಲ್ಲಿ ಡಾಕ್ಟರು ವರದಿ ನೋಡಿ ಕನ್ನಡಕ ತೆಗೆದಾಗಿನ ಗಾಂಭೀರ್ಯ. "ಮಾಡಿಸಲೇಬೇಕು ಅಂತ ನಾನು ಹೇಳಲ್ಲ ಸರ್. ಆದ್ರೆ ಹೈವೇಲಿ ಫ್ಯಾಮಿಲಿ ಜೊತೆ ಹೋಗ್ತೀರಾ..." ಎಂದು ಅರ್ಧಕ್ಕೆ ನಿಲ್ಲಿಸುತ್ತಾನೆ. ಉಳಿದರ್ಧವನ್ನು ನಮ್ಮ ಹೆಂಡತಿ ಪೂರ್ತಿ ಮಾಡುತ್ತಾಳೆ.

ಅವನ ಬುಟ್ಟಿಯಲ್ಲಿ ಏನೇನಿದೆ ನೋಡಿ. ಎಂಜಿನ್ ಡಿಕಾರ್ಬನೈಸೇಷನ್. ಎಸಿ ಡಿಸ್‌ಇನ್‌ಫೆಕ್ಟೆಂಟ್, ಅಂದರೆ ಎಸಿಯೊಳಗೆ ಒಂದು ಡಬ್ಬಿ ಸುವಾಸನೆ. ತಳಕ್ಕೆ ಕೋಟಿಂಗು, ಮೈಗೆ ಕೋಟಿಂಗು, ಸೀಟಿಗೆ 'ಇಂಟೀರಿಯರ್ ಎನ್‌ರಿಚ್‌ಮೆಂಟ್' ಎಂಬ ಧೂಳು ಹೊಡೆಯುವ ಸೇವೆ. ಟೈರಿಗೆ ನೈಟ್ರೋಜನ್ ಗಾಳಿ. ನಾವು ಬಿಟ್ಟಿ ಉಸಿರಾಡುವ ಗಾಳಿಯಲ್ಲೇ 78% ನೈಟ್ರೋಜನ್ ಇದೆ ಎಂದು ಒಬ್ಬ ಮೇಷ್ಟ್ರು ಅವನಿಗೆ ಪಾಠ ಮಾಡಿದ್ದರು. "ಅದು ಲೋಕಲ್ ಸರ್, ಇದು ಪ್ಯೂರ್" ಎಂದನಂತೆ. ಮೇಷ್ಟ್ರು ನಾಲ್ಕೂ ಟೈರಿಗೆ ಹಾಕಿಸಿಕೊಂಡು ಬಂದರು. ಸ್ಟೆಪ್ನಿಗೂ.

ಇಲಿಯ ವಿಷಯದಲ್ಲಿ ಮಾತ್ರ ನಾನು ಅವನ ಪಕ್ಷ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ನಿಂತ ಕಾರುಗಳ ವೈರು ಕಡಿಯುವ ಇಲಿಗಳು ಕಟ್ಟುಕತೆಯಲ್ಲ. ಹಾರ್ನೆಸ್ ಎಂಬ ವೈರಿನ ಜಡೆ ಬದಲಿಸುವ ಖರ್ಚು ಒಮ್ಮೆ ಕೊಟ್ಟವರು ಜಾಲರಿಗೂ ಸ್ಪ್ರೇಗೂ ಎರಡು ಮಾತಿಲ್ಲದೆ ಕಾಸು ಬಿಚ್ಚುತ್ತಾರೆ. ಬ್ರೇಕ್ ಫ್ಲೂಯಿಡ್ಡಿನದೂ ಅಷ್ಟೇ. ಅದು ಗಾಳಿಯ ತೇವ ಹೀರಿಕೊಳ್ಳುವ ದ್ರವ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ಲು ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಅನೇಕ ಕಾರುಗಳ ಪುಸ್ತಕದಲ್ಲೇ ಇದೆ. ಅಡ್ವೈಸರ್ ಇದನ್ನು ಹೇಳಿದಾಗ ನಮ್ಮ ಯಜಮಾನ ಹುಬ್ಬು ಗಂಟಿಕ್ಕಿ "ಬೇಡಪ್ಪ, ಅದೆಲ್ಲ ದುಡ್ಡು ಹೊಡಿಯೋ ಪ್ಲಾನು" ಎನ್ನುತ್ತಾನೆ, ಎಸಿಯ ಸುವಾಸನೆಗೆ ಹೂಂ ಎನ್ನುತ್ತಾನೆ. ಪುಸ್ತಕವೋ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಕೊಂಡ ದಿನದ ಪ್ಲಾಸ್ಟಿಕ್ಕಿನೊಳಗೇ, ವಿಮೆ ಕಾಗದ ಮತ್ತು ಧರ್ಮಸ್ಥಳದ ಕುಂಕುಮದ ಪೊಟ್ಟಣದ ಕೆಳಗೆ ಮಲಗಿರುತ್ತದೆ.

ಸಂಜೆ ನಾಲ್ಕಕ್ಕೆ ಕೊಡುವುದಾಗಿ ಬೆಳಿಗ್ಗೆ ಹೇಳಿರುತ್ತಾನೆ. ನಾಲ್ಕಕ್ಕೆ ಫೋನು ಮಾಡಿದರೆ "ವಾಷಿಂಗ್‌ನಲ್ಲಿದೆ ಸರ್." ಐದಕ್ಕೂ ವಾಷಿಂಗ್. ಕಾರು ಲಿಫ್ಟಿನಿಂದ ಇಳಿಯದಿದ್ದರೂ, ಪಾರ್ಟು ಚೆನ್ನೈ ಬಿಟ್ಟಿಲ್ಲದಿದ್ದರೂ, ಯಾರೋ ರೋಡ್ ಟೆಸ್ಟಿಗೆಂದು ತೆಗೆದುಕೊಂಡು ಹೋಗಿ ಟೀ ಅಂಗಡಿ ಮುಂದೆ ನಿಲ್ಲಿಸಿದ್ದರೂ ಉತ್ತರ ಅದೊಂದೇ. ಆಯುಧಪೂಜೆಯ ಹಿಂದಿನ ವಾರವಂತೂ ಇಡೀ ಊರೇ ವಾಷಿಂಗ್‌ನಲ್ಲಿರುತ್ತದೆ. ಆ ವಾರ ಅವನು ಫೋನು ಎತ್ತುವುದಿಲ್ಲ, ಎತ್ತಿದರೂ ಹಿಂದೆ ನೀರಿನ ಸದ್ದು ಕೇಳಿಸುವ ಹಾಗೆ ಹೋಗಿ ನಿಂತಿರುತ್ತಾನೆ.

ಕೊನೆಗೆ ಕಾರು ಬರುತ್ತದೆ. ಮೈ ಫಳಫಳ. ಒಳಗೆ ಕಾಲಿಡುವಲ್ಲಿ ಕಂಪನಿಯ ಮುದ್ರೆಯ ಕಾಗದ, ಸ್ಟೀರಿಂಗಿನ ಮೇಲೆ ಒಂದು ಸ್ಪಷ್ಟವಾದ ಗ್ರೀಸ್ ಹೆಬ್ಬೆಟ್ಟು. ಸೀಟು ಆರಡಿ ಆಳಿಗೆ ಹೊಂದುವಷ್ಟು ಹಿಂದಕ್ಕೆ ಸರಿದಿದೆ, ರೇಡಿಯೊ ನಾವೆಂದೂ ಕೇಳದ ಸ್ಟೇಷನ್ನಿನಲ್ಲಿ ಕಿರುಚುತ್ತಿದೆ. ಬಿಲ್ಲು ಮೂರು ಪುಟ. ನಮ್ಮವನು ಪೆನ್ನು ಹಿಡಿದು ಒಂದೊಂದೇ ಸಾಲು ಓದುತ್ತಾನೆ, 'ಕನ್ಸ್ಯೂಮಬಲ್ಸ್' ಬಂದಾಗ ಸ್ವಲ್ಪ ವೇಗ ಹೆಚ್ಚಿಸುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ, ಆಗ ಅವನು ಅದನ್ನು ತಾನೇ ದೆಹಲಿಗೆ ಹೋಗಿ ಮಾಡಿಸಿಕೊಂಡು ಬಂದವನ ಠೀವಿಯಲ್ಲಿ ಹೇಳುತ್ತಿದ್ದ. "ಟ್ಯಾಕ್ಸ್ ಕಮ್ಮಿ ಆಗಿದೆ ನೋಡಿ ಸರ್." ಒಟ್ಟು ಮಾತ್ರ ಹೋದ ಸಲದಷ್ಟೇ ಇದೆಯಲ್ಲಪ್ಪಾ ಎಂದರೆ, "ಉಳಿದಿದ್ರಲ್ಲಿ ಒಂದು ವೀಲ್ ಅಲೈನ್‌ಮೆಂಟ್ ಸೇರಿಸಿದೀನಿ ಸರ್."

ಗೇಟಿನಾಚೆ ಮೊದಲ ಹಂಪಿನಲ್ಲಿ ಏನು ಕೇಳಿಸುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. ವಾಪಸು ತಿರುಗಿಸಿಕೊಂಡು ಹೋದರೆ ಅವನು ಖುದ್ದು ಪಕ್ಕದಲ್ಲಿ ಕೂತು ಬರುತ್ತಾನೆ, ಅವನು ಕೂತಾಗ ಕಾರು ಹಸುವಿನಂತಿರುತ್ತದೆ ಎಂಬುದು ಹಳೆಯ ಅನುಭವ. ಬಂದೇಬಿಟ್ಟಿತು ಅನ್ನಿ, ಅದಕ್ಕೂ ಜವಾಬು ಸಿದ್ಧ. ಮೊದಲನೆಯದು, "ಸ್ಕ್ಯಾನರ್‌ನಲ್ಲಿ ಏನೂ ತೋರಿಸ್ತಿಲ್ಲ ಸರ್." ಸ್ಕ್ಯಾನರು ಓದುವುದು ಕಂಪ್ಯೂಟರಿಗೆ ಸೆನ್ಸರುಗಳು ಹೇಳಿದ್ದನ್ನು. ಸವೆದ ರಬ್ಬರ್ ಬುಷ್ಷಿಗೆ ಸೆನ್ಸರೆಲ್ಲಿಂದ ಬರಬೇಕು? ಎರಡನೆಯದು, "ಅದು ಈ ಮಾಡೆಲ್‌ನ ಕ್ಯಾರೆಕ್ಟರ್ ಸರ್, ಎಲ್ಲಾ ಗಾಡೀಲೂ ಬರತ್ತೆ." ಮೂರನೆಯದು ಬ್ರಹ್ಮಾಸ್ತ್ರ: "ನೀವು ಹೊರಗಡೆ ಎಲ್ಲಾದ್ರೂ ಮಾಡಿಸಿದ್ರಾ ಸರ್? ವಾರಂಟಿ ಹೋಗತ್ತೆ."

ಈ ಮೂರನೆಯ ಮಾತಿಗೆ ಒಂದು ಚರಿತ್ರೆಯಿದೆ. ಬಿಡಿಭಾಗಗಳನ್ನೂ ರಿಪೇರಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎನ್ನುವಂತಿಲ್ಲ, ಆ ಕೆಟ್ಟ ಕೆಲಸದಿಂದ ಹಾಳಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕತೆ. ನಮ್ಮವನು ಆಗ ಹೈಸ್ಕೂಲಿನಲ್ಲಿದ್ದ. ಅವನ ಟ್ರೇನಿಂಗಿನಲ್ಲಿ ಈ ಪಾಠ ಇರಲಿಲ್ಲ, ಇದ್ದಿದ್ದರೆ ಅಚ್ಚರಿಪಡಬೇಕಿತ್ತು.

ಬಾಡಿ ಶಾಪಿನ ಅಡ್ವೈಸರು ಇವನ ಅಣ್ಣ. ಗುದ್ದಿದ ಕಾರುಗಳನ್ನು ನೋಡಿ ನೋಡಿ ಅವನಿಗೆ ಒಂದು ಬಗೆಯ ವೈರಾಗ್ಯ ಬಂದಿರುತ್ತದೆ. ಒಡೆದ ಬಂಪರು ಪ್ಲಾಸ್ಟಿಕ್ಕು. ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೂ ರಬ್ಬರಿಗೂ 50% ಸವಕಳಿ ಕಡಿತ, ಗಾಜಿಗೆ ಕಡಿತವಿಲ್ಲ, 1500 ಸಿಸಿ ತನಕದ ಕಾರಿಗೆ ಮೊದಲ 1,000 ರೂಪಾಯಿ ಹೇಗೂ ನಮ್ಮದೇ. ಇದನ್ನೆಲ್ಲ ಅವನು ಉಸಿರು ತೆಗೆಯದೆ ಹೇಳಿ, ಕೊನೆಗೆ ಸರ್ವೇಯರ್ ಬರಬೇಕು ಸರ್ ಎನ್ನುತ್ತಾನೆ. ಸರ್ವೇಯರ್ ಎಂಬಾತನನ್ನು ಕಂಡವರು ಕಡಿಮೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಮಹದೇವಪುರದ ಕಡೆ ಲಕ್ಷಾಂತರ ರೂಪಾಯಿಯ ಕಾರುಗಳು ಮುಳುಗಿ, ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆ ತಿಂಗಳು ಇವನೇ ಸರ್ಜಾಪುರ ರಸ್ತೆಯ ಯಮಧರ್ಮ. ಸಾಲಾಗಿ ಬಂದ ಕಾರುಗಳ ಮುಂದೆ ದನಿ ತಗ್ಗಿಸಿ ಒಂದೇ ಪ್ರಶ್ನೆ: "ನೀರು ಹೋದ್ಮೇಲೆ ಸ್ಟಾರ್ಟ್ ಮಾಡಿದ್ರಾ ಸರ್?" ಸಿಲಿಂಡರಿನೊಳಗೆ ನೀರಿದ್ದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡು ಬಾಗುತ್ತದೆ, ಎಂಜಿನ್ನಿಗೆಂದು ಬೇರೆಯಾಗಿ ರಕ್ಷೆ ಕೊಂಡಿರದಿದ್ದರೆ ವಿಮೆಯವರು ಅದು ನೀವೇ ಮಾಡಿಕೊಂಡದ್ದು ಎಂದು ಕೈ ತೊಳೆದುಕೊಳ್ಳುತ್ತಾರೆ. ಪ್ರಶ್ನೆ ಕೇಳಿ ಅವನು ಉತ್ತರಕ್ಕೆ ಕಾಯದೆ ಬೇರೆ ಕಡೆ ನೋಡುತ್ತಿದ್ದ. ಅಷ್ಟು ಮಾನವೀಯತೆ ಅವನಲ್ಲಿತ್ತು.

ಇನ್ನು ಸಿಟ್ಟಿಗೇಳುವ ಗ್ರಾಹಕರು. ವಾರಕ್ಕೊಬ್ಬರಾದರೂ ಕೌಂಟರು ಗುದ್ದಿ "ಕನ್ಸ್ಯೂಮರ್ ಕೋರ್ಟಿಗೆ ಹಾಕ್ತೀನಿ" ಎನ್ನುತ್ತಾರೆ. ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಕೊರತೆಗೂ ಜಾಗವಿದೆ, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ, 1915ಕ್ಕೆ ಫೋನು ಮಾಡಿಯೂ ದೂರು ಕೊಡಬಹುದು. ಇವನ್ನೆಲ್ಲ ನೀವು ಹೇಳುತ್ತಿದ್ದರೆ ಅವನು ಅತ್ಯಂತ ಗೌರವದಿಂದ ಕೇಳುತ್ತಾನೆ. "ಕೂತ್ಕೊಳ್ಳಿ ಸರ್, ನೀರು ಕುಡೀರಿ, ಮ್ಯಾನೇಜರ್ ಮೀಟಿಂಗ್‌ನಲ್ಲಿದಾರೆ." ಮ್ಯಾನೇಜರ್ ಯಾವ ಮೀಟಿಂಗಿನಲ್ಲಿದ್ದಾರೆ? ಈ ತಿಂಗಳು ಡಿಕಾರ್ಬನ್ ಯಾಕೆ ಕಡಿಮೆಯಾಗಿದೆ ಎಂದು ಇವನ ಜೊತೆಯವರಿಗೆ ಬೈಯುತ್ತಿದ್ದಾರೆ. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಇವನೂ ಬೈಸಿಕೊಂಡೇ ಟ್ಯಾಬು ಹಿಡಿದದ್ದು. ಡಿಪ್ಲೊಮಾ ಮುಗಿಸಿ, ಕಾರೆಂದರೆ ಜೀವ ಬಿಡುತ್ತಿದ್ದವನು ಎಂಜಿನ್ ಬಿಚ್ಚಲು ಬಂದು ಕೋಟಿಂಗ್ ಮಾರುವುದಕ್ಕೆ ನಿಂತಿದ್ದಾನೆ. ಸಂಬಳ ಅಷ್ಟಕ್ಕಷ್ಟೆ, ಉಳಿದದ್ದು ಇನ್ಸೆಂಟಿವ್.

ಆ ಇನ್ಸೆಂಟಿವ್ವಿನ ಜುಟ್ಟು ಯಾರ ಕೈಲಿದೆ ಎಂದರೆ, ನಮ್ಮ ಕೈಲಿ! ಕಾರು ಕೊಟ್ಟು ಕಳಿಸುವಾಗ ಅವನು ಕಿಟಕಿಗೆ ಬಗ್ಗುತ್ತಾನೆ. ಬೆಳಗಿನಿಂದ ಮೊದಲ ಸಲ ಫೋನು ಜೇಬಿನಲ್ಲಿದೆ. "ಸರ್, ಎರಡು ದಿನ ಬಿಟ್ಟು ಕಂಪನಿಯಿಂದ ಕಾಲ್ ಬರತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ ಸರ್."

"ಸೌಂಡ್ ಹೋಗಿಲ್ವಲ್ಲಪ್ಪಾ?"

"ಅದು ನಾನು ನೋಡ್ಕೋತೀನಿ ಸರ್. ಹತ್ತು ಕೊಡಿ."

"ಎಂಟು ಕೊಡ್ತೀನಿ. ನೀನು ಒಳ್ಳೆ ಹುಡುಗ."

"ಎಂಟು, ಒಂಬತ್ತು ಎಲ್ಲಾ ಸೊನ್ನೆ ಲೆಕ್ಕ ಸರ್. ಹತ್ತು ಇಲ್ಲಾಂದ್ರೆ ನಂಗೆ ಮೆಮೊ."

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವತ್ತೈದಕ್ಕೆ ಕೈಮುಗಿದ ಮಂದಿ ನಾವು. ನೂರಕ್ಕೆ ನೂರಿಗಿಂತ ಕಡಿಮೆಯಾದರೆ ಫೇಲು ಎಂಬ ಪರೀಕ್ಷೆ ಯಾವ ಪುಣ್ಯಾತ್ಮ ಕಂಡುಹಿಡಿದನೋ. ದೂರು ಹೇಳಲೆಂದೇ ಕಂಪನಿ ಮಾಡುವ ಆ ಫೋನಿಗೆ ನಾವೆಲ್ಲ ದಯಾಳುಗಳಾಗಿ "ತುಂಬಾ ಚೆನ್ನಾಗಿತ್ತು, ಹತ್ತು" ಎನ್ನುತ್ತೇವೆ. ಎಲ್ಲೋ ಗುರುಗ್ರಾಮದಲ್ಲೋ ಚೆನ್ನೈಯಲ್ಲೋ ಒಂದು ಪರದೆಯ ಮೇಲೆ ಕರ್ನಾಟಕದ ಕಾರುಗಳೆಲ್ಲ ನಿಶ್ಶಬ್ದವಾಗಿ ಓಡಾಡುತ್ತಿರುತ್ತವೆ.

ನನ್ನ ಪರಿಚಯದವನನ್ನು ಒಮ್ಮೆ ಕೇಳಿದ್ದೆ, ನಿನ್ನ ಗಾಡಿ ಎಲ್ಲಿ ಸರ್ವಿಸ್ ಮಾಡಿಸ್ತೀಯಪ್ಪಾ ಎಂದು. ಸುತ್ತ ನೋಡಿ, "ನಮ್ಮನೆ ಹತ್ರ ಒಬ್ರು ಇದಾರೆ ಸರ್. ಪಾರ್ಟೆಲ್ಲ ಜೆ.ಸಿ. ರೋಡಿಂದ ನಾನೇ ತಗೊಂಡ್ ಹೋಗಿ ಕೊಡ್ತೀನಿ" ಎಂದ. ವಿಳಾಸ ಮಾತ್ರ ಕೊಡಲಿಲ್ಲ.

ಆಮೇಲೆ ಅವನೂ ಎಂದಿನಂತೆ ಕಣ್ಮರೆಯಾದ, ಅವನ ಮೇಜಿನಲ್ಲಿ ಹೊಸಬ ಬಂದು ಕೂತ. ಮೊನ್ನೆ 'ಕಾರ್ ಸರ್ವಿಸ್ ಕನ್ನಡಕ'ದಿಂದ ಫೋನು. ದನಿ ಅದೇ, ಕಂಪನಿ ಮಾತ್ರ ಬೇರೆ. "ಸರ್, ನಾನೀಗ ಮಲ್ಟಿಬ್ರ್ಯಾಂಡ್ ಗ್ಯಾರೇಜಲ್ಲಿದೀನಿ. ನಿಮ್ಮ ಗಾಡೀನೂ ಇಲ್ಲಿಗೇ ತನ್ನಿ. ಅಲ್ಲಿ ನಿಮಗೆ ತುಂಬಾ ಮೋಸ ಆಗ್ತಿತ್ತು ಸರ್, ನನಗೇ ಬೇಜಾರಾಗೋದು. ಡಿಕಾರ್ಬನ್ ಅಂತ ಬಿಲ್ ಹಾಕ್ತಿದ್ವಲ್ಲ, ಏನೂ ಮಾಡ್ತಿರ್ಲಿಲ್ಲ ಅವ್ರು."

"ಹೌದೇನಪ್ಪಾ?"

"ಹೂಂ ಸರ್. ಇಲ್ಲಿ ನಿಜವಾಗ್ಲೂ ಮಾಡ್ತೀವಿ. ಬುಕ್ ಮಾಡ್ಲಾ?"